ಯಂತ್ರ ಬರೆಯದ ಒಂಬತ್ತು ಸಾಲು

ಆಗಸ್ಟ್ ತಿಂಗಳಲ್ಲಿ ನದಿಯ ಕಡೆಯಿಂದ ಮಂಜು ಎದ್ದು ಬಂದರೆ, ಮೊಂತೆವಿದೆಯೊದ ಆ ಇಂಜಿನಿಯರಿಂಗ್ ಕಾಲೇಜಿನ ಮೂರನೆಯ ಮಹಡಿ ನೆಲ ಬಿಟ್ಟು ತೇಲುತ್ತಿರುವಂತೆ ಇರುತ್ತದೆ. ಕಿಟಕಿಯಾಚೆ ನೀರಿಲ್ಲ, ರಸ್ತೆಯಿಲ್ಲ, ನೀಲಗಿರಿ ಮರಗಳ ತುದಿ ಮಾತ್ರ. ಆ ಮಹಡಿಯ ಜವಾನ ನೆಮೆಸಿಯೊ ಲಾರೋಸ ಮೂವತ್ತೆಂಟು ವರ್ಷಗಳಿಂದ ಅಲ್ಲಿನ ಬಾಗಿಲು ತೆರೆದು ಮುಚ್ಚುತ್ತ ಬಂದವನು. ಮಂಜಿನ ದಿನ ಅವನಿಗೆ ಯಾವ ವರ್ಷದಲ್ಲಿದ್ದೇನೆ ಎನ್ನುವುದೇ ಒಂದೊಂದು ಸಲ ಮರೆತುಹೋಗುತ್ತಿತ್ತು.

ಆ ಮಹಡಿಯ ಜನ ಪ್ರೋಗ್ರಾಂ ಬರೆಯುವವರಲ್ಲ, ಪ್ರೋಗ್ರಾಂ ಬರೆಯುವ ಪ್ರೋಗ್ರಾಂ ಬರೆಯುವವರು. ಮೊದಮೊದಲು ನೆಮೆಸಿಯೊಗೆ ತಲೆಬುಡ ತಿಳಿಯುತ್ತಿರಲಿಲ್ಲ. ಅದನ್ನೆಲ್ಲ ಅಲ್ಲಿ ಶುರುಮಾಡಿದ ಸುನೀನೊ ಮೇಷ್ಟ್ರು ಒಂದು ಮಧ್ಯಾಹ್ನ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಏನಾಗಬೇಕು ಎಂದು ಎರಡು ಪುಟದ ಒಕ್ಕಣೆ ಬರೆದುಕೊಟ್ಟರೆ ಸಾಕು, ಹೇಗಾಗಬೇಕು ಎನ್ನುವ ಎರಡು ಸಾವಿರ ಸಾಲನ್ನು ಯಂತ್ರವೇ ಬರೆದುಬಿಡುತ್ತದೆ. ಬದಲಾವಣೆ ಬೇಕೆಂದರೆ ಒಕ್ಕಣೆಯನ್ನು ತಿದ್ದಿ ಮತ್ತೆ ಬರೆಸಬೇಕು. ಯಂತ್ರ ಬರೆದದ್ದರಲ್ಲಿ ಮನುಷ್ಯ ಕೈಯಾಡಿಸಿದರೆ, ಮುಂದಿನ ಸಲ ಬರೆಸಿದಾಗ ಅವನು ಸೇರಿಸಿದ್ದೆಲ್ಲ ಹೇಳಹೆಸರಿಲ್ಲದಂತೆ ಅಳಿಸಿಹೋಗುತ್ತದೆ. ಹಾಗಾಗಿ ಅಲ್ಲಿ ಕೈಯಾಡಿಸುವುದೆಂದರೆ ಕಳ್ಳತನಕ್ಕಿಂತ ನಾಚಿಕೆಯ ಕೆಲಸ. ಮೇಷ್ಟ್ರು ತೀರಿಕೊಂಡು ಹತ್ತು ವರ್ಷವಾಗಿತ್ತು. "ಸುನೀನೊ ಒಂದಕ್ಷರವನ್ನೂ ಕೈಯಿಂದ ಮುಟ್ಟಿದವರಲ್ಲ" ಎನ್ನುವುದು ಹೊಸದಾಗಿ ಬಂದವರಿಗೆ ಈಗಲೂ ಮೊದಲ ಪಾಠ.

ಆ ಮಂಗಳವಾರ ನೆಮೆಸಿಯೊ ಬಿಸಿನೀರಿನ ಫ್ಲಾಸ್ಕ್ ಕಂಕುಳಲ್ಲಿಟ್ಟುಕೊಂಡು ಬಂದು, ಅನಲೀಯ ತೆಚೇರಳ ಮೇಜಿನ ಹತ್ತಿರ ನಿಂತು ಸೋರೆಬುರುಡೆಯಲ್ಲಿ ಮಾಟೆ ಎಲೆಯ ಕಹಿ ಕಷಾಯ ಹೊಯ್ದು ಕೊಟ್ಟ. ಅವಳು ಒಂದೇ ಬುರುಡೆ ಕುಡಿದು "ಗ್ರಾಸಿಯಾಸ್" ಎಂದು ಧನ್ಯವಾದ ಹೇಳಿ ತಿರುಗಿ ಕೊಟ್ಟುಬಿಟ್ಟಳು. ಮಾಟೆ ಕುಡಿಯುವವರು ಆ ಮಾತು ಆಡುವುದು ಇನ್ನು ಸಾಕು ಎನ್ನುವಾಗ ಮಾತ್ರ. ಮೊದಲ ಬುರುಡೆಗೇ ಸಾಕು ಎಂದವಳನ್ನು ಅವನು ಆ ತನಕ ನೋಡಿರಲಿಲ್ಲ.

"ಯಾಕೆ ಮಗಳೇ, ಮೈ ಸರಿ ಇಲ್ವಾ?"

"ಮೈ ಸರಿ ಇದೆ, ದೋನ್ ನೆಮೆಸಿಯೊ. ನಾಲ್ಕು ವರ್ಷದ ಕೆಲಸ ಸರಿ ಇಲ್ಲ."

ಪಕ್ಕದ ಮೇಜಿನ ಫಬ್ರೀಸಿಯೊ ತಲೆ ಎತ್ತದೆಯೇ ಹೇಳಿದ. "ಶುಕ್ರವಾರ ಪರೀಕ್ಷಕರ ಮುಂದೆ ನಿಲ್ಲಬೇಕಲ್ಲ, ಅಮ್ಮಾವ್ರಿಗೆ ಈಗ ಜ್ಞಾನೋದಯ."

ಅನಲೀಯ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಹೇಳಹೊರಟದ್ದು ಸರಳವಾಗಿತ್ತು. ಮೇಷ್ಟ್ರ ಹಳೆಯ ಯಂತ್ರ ಕೆಟ್ಟು ಗುಜರಿ ಸೇರಿತ್ತು, ಒಕ್ಕಣೆ ಮಾತ್ರ ಉಳಿದಿತ್ತು. ಒಕ್ಕಣೆಯೊಂದು ಇದ್ದರೆ ಸಾಕು, ತಾನು ಕಟ್ಟಿದ ಹೊಸ ಯಂತ್ರ ಅದೇ ಪ್ರೋಗ್ರಾಮನ್ನು ಅಕ್ಷರ ಬಿಡದೆ ಮತ್ತೆ ಬರೆಯುತ್ತದೆ ಎನ್ನುವುದು ಅವಳ ವಾದ. ಅದಕ್ಕಾಗಿ ಆರಿಸಿಕೊಂಡದ್ದು ಪಾಸೊ ದೆಲ್ ಸೌಸೆ ಎಂಬ ಊರಿನ ತಿರುಗುಸೇತುವೆಯ ಪ್ರೋಗ್ರಾಂ. ದೋಣಿ ಬಂದರೆ ಬದಿಗೆ ತಿರುಗಿ ದಾರಿ ಬಿಡುವ ಸೇತುವೆ ಅದು. ಮೇಷ್ಟ್ರು ಬರೆಸಿದ್ದನ್ನೇ ಇವತ್ತಿಗೂ ನಂಬಿಕೊಂಡು ತಿರುಗುತ್ತಿದೆ.

"ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ದೆ. ಮೇಷ್ಟ್ರದ್ದರಲ್ಲಿ ಒಂಬತ್ತು ಸಾಲು ಜಾಸ್ತಿ ಇದೆ. ನನ್ ಯಂತ್ರ ಅದನ್ನ ಬರೀತಾನೇ ಇಲ್ಲ. ಎಲ್ಲಿ ತಪ್ಪಿದೀನಿ ಅಂತ ಮೂರು ವಾರದಿಂದ ಹುಡುಕ್ತಿದೀನಿ."

"ಒಂಬತ್ತೇ ಒಂಬತ್ತು ಕಣೆ," ಎಂದ ಫಬ್ರೀಸಿಯೊ. "ಕೈಯಿಂದ ತುರುಕಿಬಿಡು. ಎರಡು ಸಾವಿರದಲ್ಲಿ ಯಾರು ಎಣಿಸ್ತಾರೆ?"

"ಬಾಯಿ ಮುಚ್ಕೋ."

"ಮುಚ್ಕೋತೀನಿ. ನೀನು ಡಾಕ್ಟರ್ ಆಗೋವರ್ಗೂ ಮುಚ್ಕೊಂಡೇ ಇರ್ತೀನಿ, ಅದೇ ನಾನ್ ಹೇಳ್ತಿರೋದು."

ಅವಳು ನಗಲಿಲ್ಲ, ಬೈಯಲೂ ಇಲ್ಲ. ಪರದೆಯನ್ನೇ ನೋಡುತ್ತ ಕುಳಿತಳು. ಆ ನೋಟ ನೆಮೆಸಿಯೊಗೆ ಗೊತ್ತಿತ್ತು. ಬುರುಡೆ ಎತ್ತಿಕೊಂಡು ಹೊರಗೆ ಬಂದ.

ಮೆಟ್ಟಿಲ ಬಳಿಯ ತನ್ನ ಕುರ್ಚಿಯಲ್ಲಿ ಕುಳಿತವನಿಗೆ ಮಧ್ಯಾಹ್ನದ ಜೊಂಪು ಹತ್ತಿತು. ಒಳಗಿನ ಯಂತ್ರಗಳ ಗುಂಯ್‌ ಶಬ್ದ ನಿಧಾನವಾಗಿ ನೀರಿನ ಸದ್ದಾಯಿತು. ಅವನು ಪಾಸೊ ದೆಲ್ ಸೌಸೆಯ ಸೇತುವೆಯ ಮೇಲಿದ್ದ, ಅದೇ ಅವನು ಹುಟ್ಟಿದ ಊರು. ಮುಂದೆ ಅವನ ತಾಯಿ ಎರ್ಮೆಲಿಂದ, ಸೊಂಟ ನೋವಿಗೆ ಒಂದು ಪಕ್ಕ ವಾಲುತ್ತ, ಕರಿದ ರೊಟ್ಟಿಯ ಬೋಗುಣಿಯನ್ನು ಬಟ್ಟೆ ಮುಚ್ಚಿ ಹೊತ್ತು ಹೋಗುತ್ತಿದ್ದಳು. ಮಳೆಯ ದಿನ ಆಚೆ ದಡದವರಿಗೆ ಅವಳ ರೊಟ್ಟಿಯೇ ಬೇಕು. ಸೇತುವೆ ತಿರುಗತೊಡಗಿತು. ಮುಂದೆಯೂ ದಡವಿಲ್ಲ, ಹಿಂದೆಯೂ ದಡವಿಲ್ಲ, ಬರೀ ಬಿಳುಪು. ತಾಯಿ ಹೆದರಲಿಲ್ಲ. ನಿಂತು, ತಿರುಗಿ, "ಯಾರಾದ್ರೂ ಎಣಿಸ್ತಿದಾರಾ ನೋಡೋ" ಎಂದಳು. ಎಲ್ಲಿಂದಲೋ ಮೇಷ್ಟ್ರ ದನಿ ಮೆಲ್ಲಗೆ ಎಣಿಸುತ್ತಿತ್ತು. ಮೂವತ್ತೊಂದು, ಮೂವತ್ತೆರಡು...

ಎಚ್ಚರವಾದಾಗ ಮಂಜು ಕಾರಿಡಾರಿನ ಒಳಗೇ ಬಂದಂತಿತ್ತು. ಅವನು ಎದ್ದು ನೇರ ಅನಲೀಯಳ ಬಳಿ ಹೋದ. ಫಬ್ರೀಸಿಯೊ ಊಟಕ್ಕೆ ಹೋಗಿದ್ದ. ಅವಳ ಬೆರಳು ಕೀಲಿಗಳ ಮೇಲಿತ್ತು. ಒಂಬತ್ತರಲ್ಲಿ ಎರಡು ಸಾಲು ಆಗಲೇ ಬರೆದಾಗಿತ್ತು.

"ನಿಲ್ಸು ಮಗಳೇ. ಆ ಸಾಲು ಯಂತ್ರ ಬರೆದದ್ದಲ್ಲ."

ಅವಳು ತಿರುಗಿ ನೋಡಿದಳು.

"ಮೇಷ್ಟ್ರೇ ಬರೆದದ್ದು. ಕೈಯಾರೆ."

"ದೋನ್ ನೆಮೆಸಿಯೊ, ನಿಮಗೆ ಓದೋಕೆ..."

"ಬರಲ್ಲ, ಒಪ್ಕೊಂಡೆ. ಎರಡನೇ ಕ್ಲಾಸಿಗೇ ಬಿಟ್ಟವನು ನಾನು. ಆದ್ರೆ ನೋಡೋಕೆ ಬರುತ್ತೆ." ಅವನು ಕುರ್ಚಿ ಎಳೆದುಕೊಂಡ. "ಮೊದ್ಲು ಆ ಸೇತುವೇನ ಒಬ್ಬ ಮನುಷ್ಯ ಹಿಡಿಕೆ ಹಾಕಿ ತಿರುಗಿಸ್ತಿದ್ದ. ನಮ್ಮವ್ವ ಮಧ್ಯ ಇದ್ರೆ ಕಾಯ್ತಿದ್ದ, ಬೈಕೊಂಡೇ ಕಾಯ್ತಿದ್ದ. ಆಮೇಲೆ ಸೇತುವೆ ತಿರುಗಿಸೋಕೂ ಯಂತ್ರ ಬಂತು. ಅದಕ್ಕೆ ಗಾಡಿ ತೂಕ ತಿಳಿಯುತ್ತೆ, ಒಣಕಲು ಮುದುಕಿ ತಿಳಿಯಲ್ಲ. ನಾನು ಮಾಟೆ ಹೊಯ್ತಾ ಮೇಷ್ಟ್ರಿಗೆ ಹೇಳ್ದೆ. ನಮ್ಮವ್ವ ಅರ್ಧ ದಾಟಿದಾಗ ತಿರುಗಿಬಿಟ್ರೆ ಏನ್ ಗತಿ ಅಂತ. ಅವರು ನಕ್ರು. ಆಮೇಲೆ ನಗು ನಿಲ್ಸಿದ್ರು."

"ಒಕ್ಕಣೇಲೇ ಬರೀಬಹುದಿತ್ತಲ್ಲ?"

"ಅದೇ ಆಗ್ಲಿಲ್ಲ. ಅವರ ಒಕ್ಕಣೆ ಭಾಷೇಲಿ ದೋಣಿ ಇತ್ತು, ಗಾಳಿ ಇತ್ತು, ನೀರು, ಗೇಟು, ಗಾಡಿ ಎಲ್ಲ ಇತ್ತು. ನಡ್ಕೊಂಡು ಹೋಗೋ ಜನಕ್ಕೆ ಪದ ಇರ್ಲಿಲ್ಲ. ಆ ಭಾಷೆ ಬಗ್ಗೆ ಅವರ ಪುಸ್ತಕ ಆಗ್ಲೇ ಅಚ್ಚಾಗಿತ್ತು, ಇನ್ನೇನೂ ಬೇಕಾಗಲ್ಲ ಅಂತ ಅದರಲ್ಲೇ ಬರೆದಿದ್ರು. ಅದಕ್ಕೆ ಪ್ರತಿ ಸಲ ಯಂತ್ರ ಬರೆದು ಮುಗಿಸಿದ ಮೇಲೆ, 'ಆ ಕಡೆ ತಿರುಗು ನೆಮೆಸಿಯೊ' ಅನ್ನೋರು. ಕೂತು ಸೇರಿಸೋರು. ಗೇಟು ಬಿದ್ದ ಮೇಲೆ ನಲವತ್ತು ಎಣಿಸು, ಆಮೇಲೆ ತಿರುಗು ಅಂತ."

ಅನಲೀಯ ಹಳೆಯ ಪ್ರೋಗ್ರಾಮಿನ ಆ ಒಂಬತ್ತು ಸಾಲನ್ನು ತೆರೆದು ಓದಿದಳು. ಅಲ್ಲಿ ನಲವತ್ತು ಇತ್ತು. ಅವಳಿಗೆ ಅದು ಎಂದೂ ಅರ್ಥವಾಗದ ಒಂದು ಸಂಖ್ಯೆಯಾಗಿತ್ತು. ಯಾವ ಗುರುತೂ ಬಿಡದೆ, ಯಂತ್ರದ ವರಸೆಯನ್ನೇ ಹಿಡಿದು, ಯಂತ್ರ ಜಾಗ ಬಿಡುವಷ್ಟೇ ಜಾಗ ಬಿಟ್ಟು ಮೇಷ್ಟ್ರು ಬರೆದಿದ್ದರು. ಅಷ್ಟು ನಾಚಿಕೆ ಅವರಿಗೆ.

"ಹಾಗಾದ್ರೆ ನನ್ ಯಂತ್ರ ಸರಿಯಾಗೇ ಇದೆ," ಎಂದಳು, ತುಂಬ ಮೆಲ್ಲಗೆ. ಆಮೇಲೆ, "ಇದನ್ನ ಹೇಳಿದ್ರೆ ಮೇಷ್ಟ್ರ ಹೆಸರು?"

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಅವರು ಸತ್ತ ಮೇಲೂ ಉಳಿಸ್ಕೊಂಡಿದ್ದೆ." ನೆಮೆಸಿಯೊ ತನ್ನ ಅಂಗೈ ನೋಡಿಕೊಂಡ. "ಆದ್ರೆ ನಿನ್ ಬೆರಳು ಕೀಲಿ ಮೇಲೆ ನೋಡ್ದೆ. ನೀನೂ ಅವರ ಹಾಗೆ ಇಪ್ಪತ್ತು ವರ್ಷ ಕದ್ದು ಕದ್ದು ಸೇರಿಸ್ತಾ ಕೂರಬೇಕಾ? ಅವರು ಅದರಿಂದ ಸೊರಗಿಹೋದ್ರು ಮಗಳೇ, ನಾನ್ ನೋಡಿದೀನಿ. ಬರಿ. ಬರೆಯೋದಾದ್ರೆ ನನ್ನ ಹೆಸರೂ ಬರಿ. ತಪ್ಪಲ್ಲಿ ಅವರೊಬ್ಬರನ್ನೇ ಬಿಡ್ಬೇಡ."

ಅವಳು ಬರೆದಿದ್ದ ಎರಡು ಸಾಲನ್ನು ಅಳಿಸಿದಳು.

ಬುಧವಾರ, ಗುರುವಾರ ಅವಳು ಒಕ್ಕಣೆಯ ಭಾಷೆಗೆ ಒಂದು ಪದ ಸೇರಿಸುತ್ತ ಕುಳಿತಳು. ಫಬ್ರೀಸಿಯೊ ಮೊದಲು ಗೊಣಗಿ, ಆಮೇಲೆ ತನ್ನ ಕುರ್ಚಿಯನ್ನೂ ಎಳೆದುಕೊಂಡ. "ದಾಟುತ್ತಿರುವವರು" ಎಂಬುದೇ ಆ ಪದ. ಅದನ್ನು ಒಕ್ಕಣೆಯಲ್ಲಿ ಒಂದು ಕಡೆ ಬರೆದು, ಯಂತ್ರಕ್ಕೆ ಕೊಟ್ಟಾಗ, ಅದು ಒಂಬತ್ತಲ್ಲ, ಹದಿನಾಲ್ಕು ಸಾಲು ತಾನೇ ಬರೆಯಿತು.

ಶುಕ್ರವಾರವೂ ಮಂಜು. ಸಭಾಂಗಣದ ಕಿಟಕಿಗಳು ಹಾಲಿನ ಬಣ್ಣದಲ್ಲಿದ್ದವು, ಜನ ನಿದ್ದೆಯಲ್ಲಿ ಕುಳಿತವರಂತೆ ಕಾಣುತ್ತಿದ್ದರು. ನೆಮೆಸಿಯೊ ಬಾಗಿಲ ಬಳಿ ನಿಂತ. ಅನಲೀಯ ಒಂದನ್ನೂ ಮುಚ್ಚಿಡದೆ ಹೇಳಿದಳು. ಮೇಷ್ಟ್ರ ಹೆಸರು ಬಂದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

ಕೊರ್ದೋಬದಿಂದ ಬಂದ ಪರೀಕ್ಷಕಿ ಕೇಳಿದಳು. "ಹಾಗಾದ್ರೆ ಅದೇ ಪ್ರೋಗ್ರಾಂ ಮತ್ತೆ ಬರುತ್ತೆ ಅನ್ನೋ ನಿಮ್ಮ ವಾದ ನಿಲ್ಲಲಿಲ್ಲ, ಅಲ್ವಾ?"

"ನಿಲ್ಲಲಿಲ್ಲ, ಮೇಡಂ. ಅವರದು ನಲವತ್ತು ಎಣಿಸಿ ತಿರುಗುತ್ತೆ. ಈಗ ಸೇತುವೆ ಮೇಲೆ ಕ್ಯಾಮೆರಾ ಇದೆ, ನಂದು ಅದರಲ್ಲಿ ನೋಡಿ ಅಲ್ಲಿರೋರು ದಾಟೋವರೆಗೆ ಕಾಯುತ್ತೆ. ಒಕ್ಕಣೆಯಲ್ಲಿ ಇಲ್ಲದ್ದನ್ನ ಯಂತ್ರ ಬರೆಯಲ್ಲ. ಇಲ್ಲದ್ದು ಏನು ಅಂತ ನನಗೆ ಹೇಳಿದ್ದು ನಮ್ಮ ಮಹಡಿಯ ನೆಮೆಸಿಯೊ ಲಾರೋಸ."

ತಲೆಗಳು ಬಾಗಿಲ ಕಡೆ ತಿರುಗಿದವು. ನೆಮೆಸಿಯೊ ಎಲ್ಲಿ ನೋಡಬೇಕೋ ತಿಳಿಯದೆ ನೆಲ ನೋಡಿದ.

ಪರೀಕ್ಷಕರು ಒಳಗೆ ಹೋಗಿ ಒಂದು ಗಂಟೆ ಕುಳಿತರು. ಮೂರನೆಯ ಅಧ್ಯಾಯವನ್ನು ತಿರುಗಿ ಬರೆಯಬೇಕು, ತಲೆಬರಹ ಬದಲಿಸಬೇಕು, ಉಳಿದಂತೆ ಉತ್ತೀರ್ಣ ಎಂದರು. ಫಬ್ರೀಸಿಯೊ ಶಿಳ್ಳೆ ಹಾಕಿ ಬೈಸಿಕೊಂಡ.

ಕನ್ನಡಕ ತೆಗೆದಿದ್ದ ಹಿರಿಯರು ಹೊರಗೆ ಹೋಗುವಾಗ ನೆಮೆಸಿಯೊನ ಮುಂದೆ ನಿಂತರು. ಬೈಯುತ್ತಾರೆಂದು ಅವನು ಕಾದ.

"ಸುನೀನೊ ನನಗೂ ಹೇಳಲಿಲ್ಲವಲ್ಲಯ್ಯ," ಎಂದರು ಅವರು. "ಜೊತೆಗೆ ಓದಿದವನು ನಾನು."

"ಹೇಳೋಕೆ ಅವರ ಹತ್ರ ಪದ ಇರ್ಲಿಲ್ಲ ಸ್ವಾಮಿ," ಎಂದ ನೆಮೆಸಿಯೊ, ಮತ್ತು ಅವರು ಇಳಿಯಲೆಂದು ಮೆಟ್ಟಿಲ ದೀಪ ಹಾಕಿದ.