ಮೇಲೋಣಿಯಲ್ಲಿ ಬಿದ್ದ ನಾಲ್ಕು ಓಟು

ಹರಿಹರದಲ್ಲಿ ಎಣಿಕೆ ಮುಗಿದ ಸುದ್ದಿ ಊರು ಮುಟ್ಟಿದಾಗ ದ್ರಾಕ್ಷಾಯಣಮ್ಮ ಜಗುಲಿಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಪಂಚಾಯ್ತಿ ಚುನಾವಣೆಗೆ ನಿಂತಿದ್ದ ಆ ಮನೆಯ ಸೊಸೆ ಕೃತಿಕಾ ಮೂರು ಓಟಿನಿಂದ ಸೋತಿದ್ದಳು. ಗೆದ್ದವಳು ಕೆಳಗೇರಿಯ ದುರ್ಗಾ.

ಕೃತಿಕಾಳ ಮಾವ ಬಕ್ಕೇಶಪ್ಪ ಕಾರಿನಿಂದಿಳಿದು ಕಟ್ಟೆಯ ಮೇಲೆ ಕೂತ. ದ್ರಾಕ್ಷಾಯಣಮ್ಮನ ಗಂಡ ತೀರಿಹೋದ ಮೇಲೆ ಈ ಮೈದುನನದೇ ಮನೆಯ ಯಜಮಾನಿಕೆ. ಬೂತ್ ಏಜೆಂಟನಾಗಿದ್ದ ಕೊಟ್ಟೂರೇಶ್ ಹಿಂದೆಯೇ ಒಂದು ಹಾಳೆ ಹಿಡಿದು ಬಂದ.

"ಕೆಳಗೇರ್ಯಾಗ ಒಬ್ಬರೂ ಮನ್ಯಾಗ ಕೂತಿಲ್ಲ, ಅಣ್ಣಾರೆ. ಮುದುಕ್ರನ್ನ ಎತ್ಕೊಂಡು ಬಂದು ಓಟು ಹಾಕಿಸ್ಯಾರ. ನಮ್ಮೋರು ಹೆಂಗೂ ಗೆಲ್ತೀವಿ ಅಂತ ದಾವಣಗೆರೆಯಿಂದ ಬರ್ಲೇ ಇಲ್ಲ."

"ಅದು ಬಿಡು. ನಮ್ಮ ಓಣಿ ಬೂತಿನಾಗ ಅವಳಿಗೆ ಎಷ್ಟು ಬಿದ್ವು?"

"ನಾಲ್ಕು."

"ಈ ಓಣ್ಯಾಗ ನಮ್ಮೋರಲ್ಲದ ಮನಿ ನಬೀ ಸಾಬಂದೊಂದೇ. ಅವನ ಮನ್ಯಾಗ ಓಟು ಎಷ್ಟೈತೆ?"

ಕೊಟ್ಟೂರೇಶ್ ಹಾಳೆ ನೋಡಲೂ ಇಲ್ಲ. "ಅವೂ ನಾಲ್ಕೇ."

ದ್ರಾಕ್ಷಾಯಣಮ್ಮನ ಕೈಯ ಮೊರ ನಿಂತುಹೋಯಿತು. ದುರ್ಗಾಗೆ ಬಿದ್ದ ಆ ನಾಲ್ಕರಲ್ಲಿ ಒಂದು ಅವಳದು. ಹೋದ ವರ್ಷ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಬಿದ್ದಾಗ ಗಂಡಸರೆಲ್ಲ ಮದುವೆಗೆ ಹೋಗಿದ್ದರು. ಆಟೋ ತರಿಸಿ ಆಸ್ಪತ್ರೆಗೆ ಒಯ್ದು, ಮೂರು ದಿನ ಮಂಚದ ಪಕ್ಕ ಕೂತವಳು ದುರ್ಗಾ. ಅದನ್ನು ನೆನೆದು ಹಾಕಿದ ಓಟು. ಯಾರಿಗೂ ಹೇಳಿರಲಿಲ್ಲ.

ನಬೀ ಸಾಬ್‌ಗೆ ಬುಲಾವು ಹೋಯಿತು. ಅದೇ ಓಣಿಯಲ್ಲಿದ್ದ ಬಕ್ಕೇಶಪ್ಪನ ಮಳಿಗೆಯನ್ನು ಬಾಡಿಗೆಗೆ ಹಿಡಿದು ಇಪ್ಪತ್ತು ವರ್ಷದಿಂದ ಗಾದಿ ಹೊಲಿಯುತ್ತಿದ್ದ ಮನುಷ್ಯ. ಗಡ್ಡಕ್ಕೆ ಅಂಟಿದ್ದ ಹತ್ತಿಯನ್ನೂ ಕೊಡವದೆ ಓಡಿಬಂದ. ಹಿಂದೆ ಹೆಂಡತಿ ಮಾಬೂಬೀ.

"ಅಲ್ಲಾನ ಆಣೆ ಯಜಮಾನ್ರೆ, ನಾಲ್ಕೂ ನಿಮಗೇ ಹಾಕೀವಿ."

"ಮಳಿಗೆ ಖಾಲಿ ಮಾಡು. ನಾಳೆ ಹೊತ್ತಿಗೆ."

"ನಾಳೆ ಯಾಕ? ಈಗ್ಲೇ ಮಾಡ್ತೀವಿ," ಎಂದ ಕೊಟ್ಟೂರೇಶ್. ಕಬ್ಬಿಣದ ಸಲಾಕೆ ಎತ್ತಿಕೊಂಡ. ಐದಾರು ಜನ ಅವನ ಹಿಂದೆ ಹೊರಟರು. ಮಳಿಗೆಯಲ್ಲಿ ನಬೀ ಸಾಬನ ಮಗ ಅಬ್ರಾರ್ ಒಬ್ಬನೇ ಇದ್ದ.

"ಅಮ್ಮಾರೆ, ನೀವಾದ್ರೂ ಹೇಳ್ರಿ!" ಮಾಬೂಬೀ ಜಗುಲಿಯ ಕಡೆ ಕೈಮುಗಿದಳು.

ದ್ರಾಕ್ಷಾಯಣಮ್ಮ ಎದ್ದು ಒಳಗೆ ಹೋದಳು. ಕೊಡದಿಂದ ನೀರು ಬಗ್ಗಿಸಿಕೊಂಡಳು, ಕುಡಿಯದೆ ಲೋಟ ಕೆಳಗಿಟ್ಟಳು. ಹೇಳಿದರೆ ಈ ಮನೆಯಲ್ಲಿ ತನಗೆ ಅನ್ನವೂ ಇಲ್ಲ, ನೆರಳೂ ಇಲ್ಲ. ತವರೂರು ಬಾತಿಯಲ್ಲಿ ತಮ್ಮನಿದ್ದಾನೆ, ಎಷ್ಟು ದಿನ ಇಟ್ಟುಕೊಂಡಾನು? ಹೊರಗೆ ಷಟರಿಗೆ ಸಲಾಕೆ ಬಡಿದ ಸದ್ದು. ಆಮೇಲೆ ಅಬ್ರಾರನ ಕೂಗು.

ಹೇಗೆ ಬೀದಿಗಿಳಿದಳೋ ಅವಳಿಗೇ ತಿಳಿಯಲಿಲ್ಲ. ಮಳಿಗೆಯ ಮುಂದೆ ನಿಂತು, "ಅದ್ರಾಗ ಒಂದು ಓಟು ನಂದು," ಎಂದಳು. ಸಲಾಕೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು.

ಅಷ್ಟರಲ್ಲಿ ಬಕ್ಕೇಶಪ್ಪನೂ ಬಂದಿದ್ದ. "ಅತ್ತಿಗೆಮ್ಮ, ಒಳಗ ನಡೀರಿ."

"ನಾನು ದುರ್ಗಾಗ ಹಾಕೀನಿ. ನಾಲ್ಕೂ ಸಾಬರ ಮನೀವು ಅಂದ್ರಲ್ಲ, ಈಗ ಲೆಕ್ಕ ಕೂಡ್ತೈತೇನು?"

"ಹಂಗಾದ್ರೆ ಉಳಿದ ಮೂರು ಯಾರ್ವು?" ಕೊಟ್ಟೂರೇಶ್ ಅಬ್ಬರಿಸಿದ.

ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಒಬ್ಬಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಕೊಟ್ಟೂರೇಶನ ಹೆಂಡತಿ ಮಾತ್ರ ಅಲ್ಲಾಡಲಿಲ್ಲ, ನೆಲ ನೋಡುತ್ತ ನಿಂತಳು. ಅವನು ಅವಳನ್ನೇ ನೋಡಿದ. ಎತ್ತಿದ್ದ ಸಲಾಕೆ ಕೆಳಗಿಳಿಸಿದ. ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಮಳಿಗೆ ಉಳಿಯಿತು. ದ್ರಾಕ್ಷಾಯಣಮ್ಮ ಉಳಿಯಲಿಲ್ಲ. ಮರುದಿನ ಮೈದುನನೇ ಕಾರಿನಲ್ಲಿ ಬಾತಿಗೆ ಬಿಟ್ಟುಬಂದ.

ತಿಂಗಳಾದ ಮೇಲೆ ಕೊಟ್ಟೂರೇಶ್ ಬಾತಿಗೆ ಒಂದು ಫಾರಂ ತಂದ. "ನಿಮ್ಮ ಓಟು ಈ ಊರಿಗೇ ಹಾಕಿಸ್ಕೊಳ್ರಿ. ಇಲ್ಲೊಂದು ಸಹಿ ಮಾಡ್ರಿ, ಸಾಕು."

ತಮ್ಮ ಒಳಗಿಂದ ಇಣುಕಿ, "ಮಾಡಿಬಿಡಕ್ಕ, ಯಾಕ ಬೇಕು," ಎಂದ.

ಪೆನ್ನು ಕೈಗೆ ತೆಗೆದುಕೊಂಡಳು. ಸಹಿ ಮಾಡದೆ ಹಾಗೇ ವಾಪಸ್ಸು ಕೊಟ್ಟಳು.

"ಬ್ಯಾಡಪ್ಪ. ನನ್ನ ಹೆಸರು ಅಲ್ಲೇ ಇರ್ಲಿ," ಎಂದಳು.