ಎಡಗೈ ಅರದ ಗೆರೆ

ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಬಲಗೈಯ ಮೂರು ಬೆರಳು ಹೋದ ಮೇಲೆ ನನ್ನ ಗಂಡ ಬಸಲಿಂಗ ನಾಲ್ಕು ತಿಂಗಳು ಮನೆಯಲ್ಲಿದ್ದರು. ಪೀಣ್ಯದ ಅದೇ ಕಾರ್ಖಾನೆಯಲ್ಲಿ ಇವರು ಹನ್ನೊಂದು ವರ್ಷ ಫಿಟ್ಟರ್ ಆಗಿದ್ದವರು. ಬಿ.ಎಸ್ಸಿ. ಓದಿದ ನನಗೆ ಅಲ್ಲೇ ಇನ್‌ಸ್ಪೆಕ್ಷನ್ ಕೆಲಸ. ಮಾಲೀಕರು ಇವರನ್ನು ಗೇಟಿನಲ್ಲಿ ಕಾವಲಿಗೆ ಕೂರಿಸುತ್ತೇವೆ ಎಂದರು. ಇವರಿಗೆ ತಮ್ಮ ಹಳೆಯ ಕೆಲಸದ ಬೆಂಚೇ ಬೇಕಿತ್ತು.

ಫೋರ್‌ಮನ್ ಶ್ಯಾಮಣ್ಣ ಒಂದು ಭಾನುವಾರ ರಾಜಗೋಪಾಲನಗರದ ನಮ್ಮ ಕೋಣೆಗೆ ಬಂದರು. ಹೊಸ ಫಿಟ್ಟರುಗಳಿಗೆ ಒಡ್ಡುವ ತಮ್ಮ ಹಳೆಯ ಪರೀಕ್ಷೆಯನ್ನೇ ಇವರಿಗೂ ಒಡ್ಡಿದರು.

"ಮನೇಲೇ ಒಂದು ಚಾಕು ಮಾಡ್ಕೊಂಡ್ ಬಾ. ಸ್ಕ್ರಾಪಲ್ಲಿ ಏನ್ ಬೇಕೋ ತಗೋ, ಗೇಟ್ ಪಾಸ್ ನಾನ್ ಬರೀತೀನಿ. ಗ್ರೈಂಡರ್ ಗಿಂಡರ್ ಮುಟ್ಟಂಗಿಲ್ಲ, ಬರೀ ಅರ. ಚೆನ್ನಾಗಿದ್ರೆ ಓನರ್ ಹತ್ರ ನಾನ್ ಮಾತಾಡ್ತೀನಿ."

"ಅಲ್ಲೇ ಬೆಂಚ್ ಮ್ಯಾಲೆ ಮಾಡಿ ತೋರಸ್ತೀನಲ್ರಿ?"

"ಅಲ್ಲಿ ಎಲ್ರಿಗೂ ನಿನ್ ಮೇಲೆ ಪ್ರೀತಿ ಕಣಯ್ಯ. ಒಬ್ಬ ಹಿಡ್ಕೊಡ್ತಾನೆ, ಇನ್ನೊಬ್ಬ ಉಜ್ಜಿಕೊಡ್ತಾನೆ. ಮನೇಲಿ ಯಾರವ್ರೆ ಕೈ ಹಾಕೋಕೆ?"

ಸ್ಕ್ರಾಪಿನ ರಾಶಿಯಿಂದ ಇವರು ಗೇಣುದ್ದದ ಉಕ್ಕಿನ ಪಟ್ಟಿಯೊಂದನ್ನು ಆರಿಸಿದರು. ಮೂರು ಮಿಲಿಮೀಟರ್ ದಪ್ಪ, ಇನ್ನೂ ಕಾಯಿಸಿ ಗಟ್ಟಿ ಮಾಡಿರದ ಮೆದು ಉಕ್ಕು. ಹಿಡಿಗೆ ಹಳೆಯ ಸ್ವಿಚ್ ಬೋರ್ಡಿನ ಹೈಲಂ ಹಲಗೆಯ ತುಂಡು, ಮೊಳೆಗೆ ಹಿತ್ತಾಳೆ ಸರಳಿನ ಚೂರುಗಳು. ಕಿಟಕಿ ಪಕ್ಕದ ಮೇಜಿಗೆ ಸಣ್ಣ ವೈಸ್ ಬಿಗಿದು ಪಟ್ಟಿಯನ್ನು ಅದರಲ್ಲಿ ಕಚ್ಚಿಸಿದರು. ಉಕ್ಕು ಉಜ್ಜುವ ಅರದ ಹಿಡಿ ಈಗ ಎಡಗೈಗೆ ಬಂತು. ಅರದ ತುದಿಯನ್ನು ಒತ್ತಲು ಬಲಗೈಯ ಉಳಿದ ಅಂಗೈ.

ಮೊದಲ ವಾರ ಅರ ಜಾರಿ ಎರಡು ಸಲ ಗಾಯವಾಯಿತು. ಮನೆ ಒಡತಿ ನಾಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, "ಏನಪ್ಪಾ, ದಿನಾ ಕರಕರ ಅಂತ! ಒಂದ್ ಚಾಕು ಅಂಗಡೀಲಿ ಸಿಗಲ್ವಾ?" ಎಂದರು.

"ಸಿಗ್ತೈತ್ರಿ ಅಕ್ಕಾರ. ಅದನ್ನ ಮಾಡಿದಾವ್ಗ ಎರಡು ಕೈ ಇರ್ತಾವು," ಎಂದರು ಇವರು. ನಾಲ್ಕು ತಿಂಗಳಲ್ಲಿ ಇವರ ಮುಖದಲ್ಲಿ ನಾನು ಕಂಡ ಮೊದಲ ನಗು ಅದು.

ಹತ್ತೊಂಬತ್ತನೆಯ ದಿನ ಚಾಕು ಮುಗಿಯಿತು. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಟ್ಟು, ಮಾರನೆಯ ದಿನ ಕೈ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋದರು. ಅಂದು ನನಗೆ ವಾರದ ರಜೆ. ಬಟ್ಟೆ ಬಿಚ್ಚಿ ನೋಡಿದೆ. ಬರೀ ನೋಡಿ ಇಟ್ಟಿದ್ದರೆ ಆಗಿತ್ತು. ಅಭ್ಯಾಸ ಬಿಡಲಿಲ್ಲ. ಉಕ್ಕಿನ ಸ್ಕೇಲನ್ನು ಅಲಗಿನ ಇಳಿಜಾರಿಗೆ ಆನಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಬಲಬದಿಯಲ್ಲಿ ಬೆಳಕು ಎಲ್ಲೂ ನುಸುಳಲಿಲ್ಲ. ಎಡಬದಿಯ ನಡುವೆ ಸಣ್ಣ ತಗ್ಗಿತ್ತು, ಅಲ್ಲಿ ಬೆಳಕು ಗೆರೆಯಂತೆ ಹೊಳೆಯಿತು.

ಶ್ಯಾಮಣ್ಣನವರ ಕಣ್ಣಿಗೆ ಇದು ಬಿದ್ದೇ ಬೀಳುತ್ತದೆ ಎಂದುಕೊಂಡೆ. ಗಡಸುತನದ ಪರೀಕ್ಷೆಗೆ ತುಂಡುಗಳನ್ನು ಅರದಿಂದ ಸಮ ಮಾಡುವುದು ನನ್ನ ದಿನದ ಕೆಲಸ. ಚಾಕುವನ್ನು ವೈಸಿಗೆ ಕಟ್ಟಿ ಮುಕ್ಕಾಲು ಗಂಟೆ ಉಜ್ಜಿದೆ. ಬೆಳಕು ನಿಂತಿತು. ಮತ್ತೆ ಎಣ್ಣೆ ಸವರಿ ಮೊದಲಿದ್ದಂತೆಯೇ ಸುತ್ತಿಟ್ಟೆ. ಇವರಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಇವರು ಆ ಗಂಟನ್ನು ಬಿಚ್ಚದೆ ಹಾಗೆಯೇ ಒಯ್ದು ಶ್ಯಾಮಣ್ಣನವರ ಕೈಗಿಟ್ಟರು. ಟೂಲ್‌ರೂಮಿನವರೆಲ್ಲ ಸುತ್ತ ನಿಂತಿದ್ದರು. ನಾನು ಇನ್‌ಸ್ಪೆಕ್ಷನ್ ಕೋಣೆಯ ಬಾಗಿಲಲ್ಲಿದ್ದೆ.

ಶ್ಯಾಮಣ್ಣ ಸ್ಕೇಲು ಕೇಳಲೇ ಇಲ್ಲ. ಅಲಗನ್ನು ಬೆಳಕಿಗೆ ಓರೆ ಮಾಡಿ ಒಂದು ಬದಿ ನೋಡಿದರು, ತಿರುಗಿಸಿ ಇನ್ನೊಂದು ಬದಿ ನೋಡಿದರು.

"ಈ ಕಡೆ ಅರದ ಗೆರೆ ಎಲ್ಲಾ ಎಡಗಡೆ ವಾಲಿದಾವೆ. ಎಡಗೈಯವನು ಉಜ್ಜಿರೋದು. ಇನ್ನೊಂದ್ ಕಡೆ ಬಲಗಡೆ ವಾಲಿದಾವೆ, ಬಲಗೈದು. ಇದ್ಯಾರು?"

"ಎರಡೂ ಕಡೆ ನಾನ ಮಾಡೇನ್ರಿ."

"ನನ್ ಹತ್ರ ಬೇಡ ಬಸಲಿಂಗ."

"ಬಸಣ್ಣಂದು ಬೆರಳು ಮತ್ತ ಚಿಗತಾವ ಬಿಡ್ರಿ ಸಾರ್!" ಎಂದ ಮುತ್ತಣ್ಣ. ಇವರ ಪಕ್ಕದ ಬೆಂಚಿನವನು, ಇವರ ಊರಿನವನೇ. ಕುಹಕದಿಂದ ಅಂದದ್ದಲ್ಲ. ಆದರೂ ಎಲ್ಲರೂ ನಕ್ಕರು.

ಇವರು ಚಾಕುವನ್ನು ಕೈಗೆ ತೆಗೆದುಕೊಂಡು ನೋಡಿದರು. ಗೆರೆಗಳನ್ನು ಓದಲು ಇವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಾನು ಉಜ್ಜಿದ್ದು ಸಾರ್," ಎಂದೆ ನಾನು. "ಇವ್ರಿಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂದದ್ದು ಇನ್ನೂ ಕೆಟ್ಟದಾಯಿತು. "ಹಂಗಾದ್ರೆ ಬೆಂಚು ಮೇಡಂಗೇ ಕೊಡಿ ಸಾರ್," ಎಂದ ಹಿಂದಿನಿಂದ ಯಾರೋ. ಶ್ಯಾಮಣ್ಣ ಅವನನ್ನು ಗದರಿ ಇವರ ಕಡೆ ತಿರುಗಿದರು.

"ಹೋಗ್ಲಿ ಬಿಡು. ವೈಸಿಗೆ ಕಟ್ಟು. ಆ ಪಕ್ಕ ನನ್ ಮುಂದೆ ಇನ್ನೊಂದ್ ಸಲ ಅರ ಹೊಡಿ."

ಇವರು ಕಟ್ಟಲಿಲ್ಲ. "ಬ್ಯಾಡ್ರಿ ಸಾರ್. ಗೇಟಿಗೆ ಯಾವತ್ತಿಂದ ಬರ್ಲಿ?" ಎಂದರು.

ಶ್ಯಾಮಣ್ಣ ಎರಡು ಸಲ ಹೇಳಿ ನೋಡಿದರು. ಮೂರನೆಯ ಸಲ ಹೇಳಲಿಲ್ಲ.

ಆ ವಾರವೆಲ್ಲ ಇವರು ನನ್ನ ಜೊತೆ ಊಟ, ನೀರು, ಬೀಗದ ಕೈ ಇಷ್ಟರ ಮಾತು ಮಾತ್ರ ಆಡಿದರು. ಸೋಮವಾರ ಗೇಟಿನ ಮೊದಲ ಪಾಳಿಗೆ ಹೊರಡುವಾಗ, ನೀಲಿ ಅಂಗಿಯ ಗುಂಡಿಯನ್ನು ಎಡಗೈಯಿಂದ ಹಾಕಿಕೊಳ್ಳುತ್ತಾ ಕೇಳಿದರು.

"ಎಷ್ಟಿತ್ತು?"

ತಗ್ಗಿನ ಮಾತು ಎಂದು ನನಗೆ ಅರ್ಥವಾಯಿತು. "ಪಾಯಿಂಟ್ ಎರಡು ಎಂ.ಎಂ. ಇರಬೇಕ್ರಿ."

"ನನಗೂ ಕಂಡಿತ್ತು. ಈ ಕೈ ಎಲ್ಲಿ ಮಟಾ ಬಂದೈತೋ ಅಷ್ಟ ತೋರಸಬೇಕಂತ ಹಂಗ ಬಿಟ್ಟಿದ್ದೆ." ಗುಂಡಿ ಜಾರಿತು, ಮತ್ತೆ ಹಿಡಿದರು. ನಾನು ಮುಂದೆ ಬಂದವಳು ಅಲ್ಲೇ ನಿಂತೆ. "ಕಂಪನಿ ಮಾಲಿನ್ಯಾಗ ಅಷ್ಟು ತಗ್ಗು ಇದ್ರ ರಿಜೆಕ್ಟ್ ಮಾಡ್ತೀಯೇನ?"

"ಇಲ್ರಿ. ಪಾಯಿಂಟ್ ಐದರ ತನಕ ಪಾಸ್ ಮಾಡ್ತೀನಿ."

"ಮತ್ತ?"

ಅಷ್ಟರಲ್ಲಿ ಗುಂಡಿ ಕೂತಿತು. ಇವರು ಚಪ್ಪಲಿ ಮೆಟ್ಟಿ ಹೊರಟರು. ನನ್ನದೂ ಅದೇ ಪಾಳಿ, ಅದೇ ದಾರಿ. ಇವರು ತಿರುವು ದಾಟುವ ತನಕ ಕಾದು, ಬಾಗಿಲಿಗೆ ಬೀಗ ಹಾಕಿ ಹಿಂದೆ ಹೊರಟೆ.