ಇಂಟು ಹಾಕಿದ ನಲ್ಲಿ

ಊಟದ ಹೊತ್ತು. ಹೋಟೆಲಿನ ಮಾವ ಎರಡು ಕ್ಯಾನ್ ನೀರನ್ನು ಸ್ಕೂಟರಿನಿಂದ ಇಳಿಸಿ, ಹೂಜಿಗೆ ಬಗ್ಗಿಸಲು ಹೊರಟಿದ್ದರು. ಗಿರಾಕಿಗಳು ಬೆಂಚಿನ ಮೇಲೆ ಕೂತು ಲೋಟ ಕುಟ್ಟುತ್ತಿದ್ದರು.

"ಯಾವ ನಲ್ಲಿದು ಮಾವ?" ಎಂದಳು ಊಟಕ್ಕೆ ಬಂದಿದ್ದ ಅವರ ಅಕ್ಕನ ಮಗಳು. ಅವಳಿಗೆ ನೀರಿನ ಕಚೇರಿಯಲ್ಲಿ ಕೆಲಸ. ಊರಿನ ನಲ್ಲಿಗಳ ನೀರು ಪರೀಕ್ಷೆ ಆದ ಮೇಲೆ, ಮೊಬೈಲಿನಲ್ಲಿ ನೋಡುವ ನಕ್ಷೆ ಮಾಡಿದವಳೇ ಅವಳು. ಹಸಿರು ಚುಕ್ಕೆಯಿದ್ದರೆ ಕುಡಿಯಬಹುದು, ಕೆಂಪಿದ್ದರೆ ಕೂಡದು.

"ಬಸ್ ಸ್ಟ್ಯಾಂಡ್ ಹಿಂದಿಂದು. ನಿನ್ನ ನಕ್ಷೆ ನೋಡೇ ತಂದೆ ಕಣಮ್ಮ."

"ಅಯ್ಯೋ, ನಿಲ್ಲಿಸಿ! ಅದು ಕೆಂಪು! ಕಣ್ಣೇನು ಜೇಬಲ್ಲಿ ಇಟ್ಕೊಂಡಿದ್ರಾ?"

"ಏನ್ರೀ, ಇಷ್ಟು ದಿನ ನಮಗೆ ಇದನ್ನೇ ಕುಡಿಸ್ತಿದ್ರಾ?" ಎಂದು ಗಿರಾಕಿಯೊಬ್ಬ ಎದ್ದೇ ಹೋದ. ಮಾವನ ಮುಖ ಸುಟ್ಟ ಬದನೆಕಾಯಿ ಆಯಿತು.

ಡ್ಯೂಟಿ ಮುಗಿಸಿ ಊಟಕ್ಕೆ ಬಂದಿದ್ದ ನರ್ಸಕ್ಕ ಮೊಬೈಲನ್ನು ಮಾವನ ಮುಂದೆ ಹಿಡಿದಳು. "ಅಣ್ಣಾ, ನಕ್ಷೆಯ ಈ ಎರಡು ಚುಕ್ಕೆಯಲ್ಲಿ ಯಾವುದು ಕೆಂಪು?"

ಮಾವ ದನಿ ತಗ್ಗಿಸಿದರು. "ನನಗೆ ಎರಡೂ ಮಣ್ಣಿನ ಬಣ್ಣ, ಸಿಸ್ಟರ್. ಚಿಕ್ಕಂದಿನಿಂದ ಹಾಗೇ. ಬೇರೆ ಬಣ್ಣದ ಸೀರೆ ತಂದು ಇವಳತ್ತೆ ಹತ್ರ ಬೈಸ್ಕೊಂಡಿದ್ದು ಸಾಲದಾ, ಊರಿಗೆಲ್ಲ ಯಾಕೆ ಸಾರಲಿ?"

"ಮತ್ತೆ ಸಿಗ್ನಲ್‌ನಲ್ಲಿ ಸ್ಕೂಟರ್ ಹೇಗೆ ಓಡಿಸ್ತೀರಿ?" ಹುಡುಗಿಗೆ ನಂಬಿಕೆಯೇ ಬರಲಿಲ್ಲ.

"ಮೇಲಿನ ದೀಪ ಹತ್ತಿದ್ರೆ ನಿಲ್ಲು, ಕೆಳಗಿಂದು ಹತ್ತಿದ್ರೆ ಹೊರಡು. ನಿನ್ನ ಚುಕ್ಕೆಗೆ ಮೇಲು-ಕೆಳಗು ಎಲ್ಲಿದೆಯಮ್ಮ?"

"ಹಾಗಂತ ನಿಮ್ಮೊಬ್ಬರಿಗೋಸ್ಕರ ನಕ್ಷೆ ಬದಲಾಯಿಸೋಕಾಗುತ್ತಾ? ಬೇಕಾದ್ರೆ ಇನ್ನೂ ಕೆಂಪಗೆ ಮಾಡ್ತೀನಿ."

"ಕಿವುಡರಿಗೆ ಪಿಸುಮಾತನ್ನ ಎರಡು ಸಲ ಹೇಳ್ದಂಗಾಯ್ತು!" ನರ್ಸಕ್ಕ ನಕ್ಕಳು. "ಇವರೊಬ್ಬರೇ ಅಲ್ಲ ಕಣೇ. ಇದು ಹುಟ್ಟಿನಿಂದ ಬರುತ್ತೆ, ಗಂಡಸರಲ್ಲಿ ಹೆಚ್ಚು. ಎಷ್ಟೋ ಜನಕ್ಕೆ ತಮಗಿದೆ ಅಂತ್ಲೇ ಗೊತ್ತಿರಲ್ಲ. ತಗೋ, ಪರದೆ ಕಪ್ಪು-ಬಿಳುಪು ಮಾಡಿದೀನಿ. ಈಗ ಊರಲ್ಲಿ ಕೆಟ್ಟ ನಲ್ಲಿ ಯಾವ್ಯಾವುದು, ನೀನೇ ತೋರಿಸು."

ಹುಡುಗಿ ನೋಡಿದಳು. ಊರು ತುಂಬ ಒಂದೇ ಬೂದಿ ಬಣ್ಣದ ಚುಕ್ಕೆ. ತಾನೇ ಮಾಡಿದ ನಕ್ಷೆಯಲ್ಲಿ ತನಗೇ ದಾರಿ ಕಾಣಲಿಲ್ಲ.

ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಕೆಟ್ಟ ನಲ್ಲಿಗೆ ದಪ್ಪ ಇಂಟು ಗುರುತು, ಒಳ್ಳೆಯದಕ್ಕೆ ದುಂಡನೆಯ ಗುರುತು. ಹಸಿರು-ಕೆಂಪಿನ ಜಾಗಕ್ಕೆ ನೀಲಿ-ಕಿತ್ತಳೆ. ಗುರುತಿನ ಮೇಲೆ ಬೆರಳಿಟ್ಟರೆ 'ಕುಡಿಯಬಹುದು', 'ಕುಡಿಯಬೇಡಿ' ಎಂಬ ಬರಹ.

"ನೀಲಿ ಗೊತ್ತಾಗುತ್ತೆ," ಮಾವ ಹೆಗಲ ಮೇಲಿಂದ ಬಗ್ಗಿದರು. "ಈ ತೆಳು ಅಕ್ಷರ ಕಾಣಲ್ಲ, ಕಪ್ಪಗೆ ಬರಿ. ಗುರುತು ದೊಡ್ಡದು ಮಾಡೇ, ನನ್ನ ಹೆಬ್ಬೆರಳು ನೋಡು, ಒಂದು ಮುಟ್ಟಿದ್ರೆ ಮೂರು ನಲ್ಲಿ ತೆರೀತದೆ!"

ತಂದಿದ್ದ ನೀರು ನೆಲ ತೊಳೆಯಲು ಹೋಯಿತು. ಮಾವ ಮೊಬೈಲ್ ಹಿಡಿದು ಒಬ್ಬರೇ ಹೊರಟು, ಕ್ಯಾನ್ ತುಂಬಿಸಿಕೊಂಡು ಬಂದರು.

"ಲೈಬ್ರರಿ ಪಕ್ಕದ್ದು. ದುಂಡು ಗುರುತು. ಯಾರನ್ನೂ ಕೇಳಲಿಲ್ಲ."

ಹುಡುಗಿ ನಕ್ಷೆ ತೆರೆದು ನೋಡಲಿಲ್ಲ. ಲೋಟ ಚಾಚಿ, ಗಿರಾಕಿಗಳ ಎದುರೇ ಮೊದಲು ತಾನು ಕುಡಿದಳು.

ನಕ್ಷೆ ಮಾಡುವವರೇ, ಬಣ್ಣ ಹಾಕಿ, ಬೇಡ ಅನ್ನುವವರು ಯಾರು? ಆದರೆ ಬಣ್ಣವೊಂದನ್ನೇ ನೆಚ್ಚಬೇಡಿ. ಜೊತೆಗೊಂದು ಗುರುತು, ಎರಡು ಮಾತು ಇರಲಿ. ಊರಿಗೆ ಕೊಡುವ ಮೊದಲು ಕಪ್ಪು-ಬಿಳುಪಿನಲ್ಲಿ ನೋಡಿ. ಇನ್ನು ಬಣ್ಣ ಗೊತ್ತಾಗದವರೇ, ಸಂಕೋಚ ಬಿಟ್ಟು "ನನಗೆ ಕಾಣ್ತಿಲ್ಲ" ಅನ್ನಿ. ನೀವು ಬಾಯಿಬಿಟ್ಟರೆ ಇನ್ನೊಬ್ಬರ ಲೋಟಕ್ಕೂ ಒಳ್ಳೆ ನೀರು ಬಿದ್ದೀತು.